‘ನಾನ್ಯಾರು ಹೇಳಿ ನೋಡೋಣ?’

ಊಟಕ್ಕೆ ಕೂತ ಹುಡುಗಿಯ ಕೈಯಿಂದ ಚಾಪ್‌ಸ್ಟಿಕ್ ಜಾರುತ್ತದೆ. ಎತ್ತಿಕೊಳ್ಳುತ್ತಾಳೆ, ಮತ್ತೆ ಜಾರುತ್ತದೆ. ಸ್ವಲ್ಪ ದಿನದ ಹಿಂದೆ ಇದೇ ಕೈ ಮಧ್ಯರಾತ್ರಿ ಕಳ್ಳಹೆಜ್ಜೆಯಲ್ಲಿ ಬಂದು, ಮಲಗಿದ್ದವನ ಮೇಲೆ ಏನಾದರೊಂದು ಎಸೆದು ಓಡಿಹೋಗುವಷ್ಟು ಚುರುಕಾಗಿತ್ತು. ಈಗ ಎರಡು ಕಡ್ಡಿ ಹಿಡಿಯುವ ಉಪಾಯವೇ ಬೆರಳುಗಳಿಗೆ ಮರೆತಿದೆ. ಇದಾದ ಮೇಲೆ ಮಾತು ಒಂದೊಂದಾಗಿ ಉದುರುತ್ತದೆ. ಮನೆಯವರಿಗೆ ಗೊತ್ತಾಗುತ್ತದೆ, ಆದರೆ ಅದನ್ನೊಂದು ರಾದ್ಧಾಂತ ಮಾಡುವುದಿಲ್ಲ.

ಇದು ‘ಕನೋನ್’ ಎಂಬ ಜಪಾನಿ ಅನಿಮೆಯ ಮಾತು. 1999ರಲ್ಲಿ ‘ಕೀ’ ಸಂಸ್ಥೆ ಕಂಪ್ಯೂಟರ್‌ಗೆಂದು ಮಾಡಿದ ಚಿತ್ರಕಥೆಯ ಆಟ ಇದರ ಮೂಲ. 2002ರಲ್ಲಿ ತೊಎ ಸಂಸ್ಥೆ ಒಮ್ಮೆ ಧಾರಾವಾಹಿ ಮಾಡಿತು; 2006ರ ಅಕ್ಟೋಬರಿನಿಂದ 2007ರ ಮಾರ್ಚಿನವರೆಗೆ ಕ್ಯೋಟೊ ಆ್ಯನಿಮೇಷನ್ ಸಂಸ್ಥೆ, ತತ್ಸುಯ ಇಶಿಹಾರ ನಿರ್ದೇಶನದಲ್ಲಿ, 24 ಕಂತುಗಳಲ್ಲಿ ಮತ್ತೆ ಮಾಡಿತು. ಜನ ಇಂದಿಗೂ ನೆನೆದು ಅಳುವುದು ಈ ಎರಡನೆಯದಕ್ಕೆ, ಅದರಲ್ಲೂ ಒಂಬತ್ತು ಮತ್ತು ಹತ್ತನೆಯ ಕಂತುಗಳಿಗೆ.

ಕಥೆ ಇಷ್ಟು. ಯೂಯಿಚಿ ಎಂಬ ಹುಡುಗ ಏಳು ವರ್ಷದ ನಂತರ ಹಿಮದ ಊರೊಂದಕ್ಕೆ, ಚಿಕ್ಕಮ್ಮ ಅಕಿಕೊ ಮನೆಗೆ ಓದಲು ಬರುತ್ತಾನೆ. ಪೇಟೆಬೀದಿಯಲ್ಲಿ ಗುರುತೇ ಇಲ್ಲದ ಹುಡುಗಿಯೊಬ್ಬಳು ಎದುರಾಗಿ, ನಿನ್ನ ಮೇಲೆ ನನಗೆ ಹಗೆ ಇದೆ ಎಂದು ಮೇಲೆ ಬಿದ್ದು, ಅಲ್ಲೇ ಕುಸಿಯುತ್ತಾಳೆ. ಹೆಸರು, ಊರು, ತಂದೆತಾಯಿ ಒಂದೂ ನೆನಪಿಲ್ಲ. ಈ ಹುಡುಗ ತನಗೆ ಏನೋ ಅನ್ಯಾಯ ಮಾಡಿದ್ದಾನೆ ಎಂಬುದಷ್ಟೇ ಗೊತ್ತು. ಏನು ಅನ್ಯಾಯ? ಅದೂ ನೆನಪಿಲ್ಲ. ಅಕಿಕೊ ಚಿಕ್ಕಮ್ಮ ಯಾವುದಕ್ಕೂ ಒಂದು ಕ್ಷಣದಲ್ಲಿ ‘ಆಗಲಿ’ ಎನ್ನುವವಳು. ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಆಮೇಲೆ ತನ್ನ ಹೆಸರು ಮಾಕೊತೊ ಎನ್ನುತ್ತಾಳೆ.

ಯೂಯಿಚಿಗೆ ತಾನು ಮರೆತದ್ದು ತಡವಾಗಿ ನೆನಪಾಗುತ್ತದೆ. ಹುಡುಗನಾಗಿದ್ದಾಗ ಊರಾಚೆಯ ಗುಡ್ಡದಲ್ಲಿ ಗಾಯಗೊಂಡ ನರಿಮರಿಯೊಂದನ್ನು ತಂದು, ಆರೈಕೆ ಮಾಡಿ, ರಜೆ ಮುಗಿದಾಗ ವಾಪಸ್ ಬಿಟ್ಟುಬಂದಿದ್ದ. ಅವನ ಪಾಲಿಗೆ ಅದೊಂದು ಒಳ್ಳೆಯ ಕೆಲಸ, ಮುಗಿದ ಕೆಲಸ. ಮರಿಗೆ ಮೊದಲು ಸಿಕ್ಕಿದ್ದು ಮಡಿಲು, ಆಮೇಲೆ ಬರಿಯ ಗುಡ್ಡ. ಅದು ತನ್ನ ಆಯುಸ್ಸನ್ನೂ ನೆನಪನ್ನೂ ತೆತ್ತು ಮನುಷ್ಯರೂಪ ಪಡೆದು ಬಂದಿದೆ. ಮನುಷ್ಯರಾಗಿರಲು ಸಿಕ್ಕಿರುವ ಗಡುವು ಬಹಳ ಚಿಕ್ಕದು: ಒಂದು ಜ್ವರಕ್ಕೆ ಅರ್ಧ ಹೋಗುತ್ತದೆ, ಎರಡನೆಯದಕ್ಕೆ ಪೂರ್ತಿ.

ಕಣ್ಣೀರಿಗೆ ಬೇಕಾದ ಮಸಾಲೆಯೆಲ್ಲ ಇಲ್ಲಿದೆ. ಹಿಮ, ಗೆಜ್ಜೆ, ಮದುವಣಗಿತ್ತಿಯ ಮುಸುಕು. ‘ಕೀ’ ಸಂಸ್ಥೆಯವರು ಮೊದಲು ನಗಿಸಿ ಆಮೇಲೆ ಅಳಿಸುವುದನ್ನು ಒಂದು ಕಸುಬನ್ನಾಗಿಯೇ ಬೆಳೆಸಿದವರು. ಆದರೆ ಕಥೆಯ ಬುಡದಲ್ಲಿರುವ ಒಂದು ಸಂಗತಿ ಆ ಮಸಾಲೆಗಿಂತ ಗಟ್ಟಿಯಾದದ್ದು. ಘಟನೆ ಪೂರ್ತಿ ಅಳಿಸಿಹೋಗಿ, ಅದು ಹುಟ್ಟಿಸಿದ ಭಾವ ಮಾತ್ರ ಉಳಿಯಬಹುದೇ? ಮಾಕೊತೊಗೆ ನರಿಯಾಗಿದ್ದ ದಿನಗಳು ನೆನಪಿಲ್ಲ, ಸಿಟ್ಟು ಮಾತ್ರ ಇದೆ. ಸಿಟ್ಟಿನ ತಳದಲ್ಲಿ ಬೇರೇನಿದೆ ಎಂಬುದನ್ನು ಒಂಬತ್ತನೆಯ ಕಂತು ಬಿಚ್ಚುತ್ತದೆ.

ವಿಜ್ಞಾನದ ಉತ್ತರ: ಉಳಿಯಬಹುದು. 1911ರಲ್ಲಿ ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪರೇಡ್ ಒಂದು ಕುಚೋದ್ಯದ ಪ್ರಯೋಗವನ್ನು ಬರೆದಿಟ್ಟರು. ಹೊಸದೇನೂ ನೆನಪಿನಲ್ಲಿ ನಿಲ್ಲದ ಒಬ್ಬ ರೋಗಿಯ ಕೈಯನ್ನು, ಬೆರಳ ಸಂದಿಯಲ್ಲಿ ಸೂಜಿ ಅಡಗಿಸಿಟ್ಟುಕೊಂಡು ಕುಲುಕಿದರು. ಚುಚ್ಚಿದ್ದನ್ನು ಆಕೆ ಮರೆತಳು. ಮತ್ತೆ ವೈದ್ಯರು ಕೈ ಚಾಚಿದಾಗ ಮಾತ್ರ ಕೈ ಹಿಂದೆಗೆದಳು. ಯಾಕೆಂದು ಕೇಳಿದರೆ ಸರಿಯಾದ ಕಾರಣ ಹೇಳಲಾಗಲಿಲ್ಲ. ಮಾಕೊತೊ ಕೂಡ ಇದೇ ಸ್ಥಿತಿಯಲ್ಲಿ ಬೀದಿಗೆ ಬಂದವಳು: ಕೈ ಹಿಂದೆಗೆಯುವುದು ಗೊತ್ತು, ಸೂಜಿ ನೆನಪಿಲ್ಲ.

ನೂರು ವರ್ಷದ ನಂತರ ಅಮೆರಿಕದ ಅಯೊವಾ ವಿಶ್ವವಿದ್ಯಾಲಯದವರು ಇದನ್ನೇ ಸೂಜಿಯಿಲ್ಲದೆ ನೋಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಲ್ಜೈಮರ್ ಇದ್ದ 17 ಮಂದಿಗೆ ಮತ್ತು ಇಲ್ಲದ 17 ಮಂದಿಗೆ ಸಿನಿಮಾ ತುಣುಕುಗಳನ್ನು ತೋರಿಸಿದರು. ಕೆಲವು ಅಳಿಸುವಂಥವು, ಕೆಲವು ನಗಿಸುವಂಥವು. ಕೆಲವೇ ನಿಮಿಷಗಳಲ್ಲಿ ರೋಗಿಗಳಿಗೆ ಚಿತ್ರದಲ್ಲಿ ಏನಿತ್ತು ಎನ್ನುವುದು ಹೆಚ್ಚುಕಡಿಮೆ ಹೋಗಿತ್ತು. ಆದರೆ ಅರ್ಧ ಗಂಟೆಯ ನಂತರ ಕೇಳಿದಾಗಲೂ ಅದು ತಂದ ದುಃಖ ಅಥವಾ ಖುಷಿ ಆರಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಚಿತ್ರವನ್ನು ಹೆಚ್ಚು ಮರೆತವರಲ್ಲೇ ದುಃಖ ಹೆಚ್ಚು ಹೊತ್ತು ಉಳಿದಿತ್ತು. ಯಾಕೆ ದುಃಖ ಎಂದು ಗೊತ್ತಿದ್ದರೆ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಕಾರಣವೇ ಕಳೆದುಹೋದರೆ ಯಾವುದಕ್ಕೆಂದು ಸಮಾಧಾನ ಹೇಳಿಕೊಳ್ಳುವುದು?

ಇದರ ಯಂತ್ರವನ್ನು ಕಣ್ಣಾರೆ ನೋಡಬೇಕೆಂದರೆ ದಕ್ಷಿಣ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ಗಾಜಿನ ಪೆಟ್ಟಿಗೆಗಳಲ್ಲಿ ಮನುಷ್ಯರ ಮಿದುಳುಗಳು, ಕೈಗೆತ್ತಿಕೊಂಡು ನೋಡುವ ಅವಕಾಶವೂ ಇದೆ. ಕಿವಿಯ ಮಟ್ಟದಲ್ಲಿ, ಒಳಗೆ, ಎರಡೂ ಬದಿಗೆ ಒಂದೊಂದರಂತೆ ಹಿಪ್ಪೊಕ್ಯಾಂಪಸ್ ಎಂಬ ಭಾಗ, ಹೆಚ್ಚುಕಡಿಮೆ ಕಿರುಬೆರಳಿನಷ್ಟು. ಇವತ್ತು ಬೆಳಿಗ್ಗೆ ಯಾರು ಬಂದರು, ತಿಂಡಿಗೆ ಏನಿತ್ತು ಎಂಬ ತಾಜಾ ಘಟನೆಗಳು ನೆನಪಾಗಿ ನಿಲ್ಲಬೇಕಾದರೆ ಇದು ನೆಟ್ಟಗಿರಬೇಕು. ಆಲ್ಜೈಮರ್ ಬಹಳ ಬೇಗ ಕೈ ಹಾಕುವುದು ಇದಕ್ಕೂ ಇದರ ಅಕ್ಕಪಕ್ಕಕ್ಕೂ. ಭಯ, ಪ್ರೀತಿ, ಕಸಿವಿಸಿಗಳನ್ನು ನೋಡಿಕೊಳ್ಳುವ ಅಮಿಗ್ಡಲ ಇದರ ಪಕ್ಕದಲ್ಲೇ ಇದ್ದರೂ ಅದರ ದಾರಿ ಬೇರೆ. ಘಟನೆಯನ್ನು ಬರೆದಿಡುವ ಗುಮಾಸ್ತ ರಜೆಯ ಮೇಲೆ ಹೋದರೂ ಮೈಗೆ ಹತ್ತಿದ್ದು ಮೈಯಲ್ಲೇ ಇರುತ್ತದೆ.

ಹಳೆಯ ನೆನಪುಗಳ ಕತೆ ಬೇರೆ. 1881ರಲ್ಲೇ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತೇಯೊಡ್ಯೂಲ್ ರಿಬೊ ಬರೆದಂತೆ ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ಜಯನಗರದಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ರಾಜಗೋಪಾಲಾಚಾರಿ 1948ರಲ್ಲಿ ಶಂಕುಸ್ಥಾಪನೆ ಮಾಡಿದ ಬಡಾವಣೆ ಇದು, ಅಶೋಕ ಸ್ತಂಭ ಇನ್ನೂ ನಿಂತಿದೆ. ಆಮೇಲಿನ ದಶಕಗಳಲ್ಲಿ ಇಲ್ಲಿ, ಬನಶಂಕರಿಯಲ್ಲಿ, ಜೆ.ಪಿ. ನಗರದಲ್ಲಿ ಸೈಟು ಕೊಂಡು, ಸಾಲ ಮಾಡಿ ಮನೆ ಕಟ್ಟಿದ ಬ್ಯಾಂಕಿನವರು, ಮೇಷ್ಟ್ರುಗಳು, ಸರ್ಕಾರಿ ಕಾರ್ಖಾನೆಗಳವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಒಬ್ಬರು ನಾಲ್ಕನೇ ಬ್ಲಾಕಿಗೆ ಹೊರಟು ‘ಪುಟ್ಟಣ್ಣ ಥಿಯೇಟರ್ ಎದುರು ಇಳಿಸಿ’ ಎಂದರೆ ಆಟೋದ ಹುಡುಗನಿಗೆ ದಿಗಿಲಾಗುತ್ತದೆ. ಥಿಯೇಟರ್ ನೆಲಸಮವಾಗಿದೆ, ಹೇಳಿದವರ ಒಳಗೆ ಇವತ್ತೂ ಮ್ಯಾಟಿನಿ ನಡೆಯುತ್ತಿರಬಹುದು. (ಇದರಲ್ಲಿ ಅವರೊಬ್ಬರನ್ನೇ ನಗುವಂತಿಲ್ಲ. ನಂದಾ ಟಾಕೀಸ್ ಕೆಡವಿದ ಮೇಲೂ ಇಡೀ ಜಯನಗರ ಅದರ ಹೆಸರಿನಲ್ಲೇ ದಾರಿ ಹೇಳುತ್ತದೆ.)

ಇಂಥ ಮನೆಗಳಿಗೆ ಭಾನುವಾರ ಸಂಜೆ ಬರುವ ನೆಂಟರಿಗೆ ಒಂದು ಪ್ರಶ್ನೆ ಸಿದ್ಧವಾಗಿರುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಸೋಫಾದಲ್ಲಿ ಕೂತ ಅಜ್ಜಿಯ ಮುಂದೆ ಬಗ್ಗಿ, ಸ್ವಲ್ಪ ಜೋರು ದನಿಯಲ್ಲಿ: ‘ದೊಡ್ಡಮ್ಮಾ, ನಾನ್ಯಾರು ಹೇಳಿ ನೋಡೋಣ?’ ದೊಡ್ಡಮ್ಮ ನಗುತ್ತಾರೆ. ‘ಗೊತ್ತಿಲ್ದೆ ಏನು?’ ಎಂದು ಜಾರಿಕೊಳ್ಳುತ್ತಾರೆ. ಬಿಡುವುದಿಲ್ಲ. ‘ಹೆಸರು ಹೇಳಿ ಮತ್ತೆ!’ ಕೊನೆಗೆ ಹೆಸರು ಬರುವುದಿಲ್ಲ, ಅಥವಾ ಇಪ್ಪತ್ತು ವರ್ಷದ ಹಿಂದೆ ಹೋದ ತಮ್ಮನ ಹೆಸರು ಬರುತ್ತದೆ. ಬಂದವರು ಸೊಸೆಯ ಕಡೆ ತಿರುಗಿ, ಅಜ್ಜಿಗೆ ಕೇಳಿಸುವಂತೆಯೇ, ‘ಪೂರ್ತಿ ಮರ್ತ್‌ಬಿಟ್ಟಿದಾರೆ ಅಲ್ವಾ?’ ಎನ್ನುತ್ತಾರೆ. ಕಾಫಿ ಆಗುತ್ತದೆ, ಹೊರಡುತ್ತಾರೆ. ಅಯೊವಾದವರ ಲೆಕ್ಕ ಇಲ್ಲಿಗೆ ಬಂದರೆ ಏನಾಗುತ್ತದೆ ನೋಡಿ: ರಾತ್ರಿಯ ಹೊತ್ತಿಗೆ ಬಂದವರು ಯಾರು, ಏನು ಕೇಳಿದರು ಎಂಬುದು ಅಜ್ಜಿಗೆ ನೆನಪಿಲ್ಲ. ಪರೀಕ್ಷೆಯಲ್ಲಿ ಫೇಲಾದ ಮುಜುಗರ ಮಾತ್ರ ಇದೆ. ಊಟ ಬೇಡ ಎನ್ನುತ್ತಾರೆ, ಸೊಸೆಯ ಕೈ ತಳ್ಳುತ್ತಾರೆ. ‘ಸಂಜೆವರ್ಗೂ ಚೆನ್ನಾಗೇ ಇದ್ರು’ ಎಂದು ಮನೆಯವರು ಅಚ್ಚರಿಪಡುತ್ತಾರೆ.

ನೆಂಟರು ಕೆಟ್ಟವರಲ್ಲ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ಇಂಥ ನಡವಳಿಕೆಗಳನ್ನೆಲ್ಲ ಸಾಲಾಗಿ ಹೆಸರಿಸಿದರು: ಅವರ ವೇಗ ಮೀರಿ ಓಡುವುದು, ಮಗುವಿನಂತೆ ಮಾತಾಡಿಸುವುದು, ಅವರು ಅಲ್ಲಿ ಇಲ್ಲವೆಂಬಂತೆ ಅವರ ಬಗ್ಗೆ ಆಡಿಕೊಳ್ಳುವುದು. ಇದನ್ನು ಮಾಡುವವರಲ್ಲಿ ಕೇಡಿನ ಉದ್ದೇಶವಿರುವುದಿಲ್ಲ ಎಂದೂ ಅವರೇ ಹೇಳಿದರು. ಪ್ರಶ್ನೆ ಕೇಳಬೇಕಾದ ಜಾಗ ಇದೆ, ಅದು ಆಸ್ಪತ್ರೆ. 1901ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಲೊಯಿಸ್ ಆಲ್ಜೈಮರ್ ತಮ್ಮ ರೋಗಿ ಔಗುಸ್ಟಗೆ ಹೆಸರೇನು, ಗಂಡನ ಹೆಸರೇನು ಎಂದು ಕೇಳಿ ಬರೆದಿಟ್ಟ ಪುಟಗಳಿಂದಲೇ ಈ ಕಾಯಿಲೆಯ ಚರಿತ್ರೆ ಶುರುವಾಗುತ್ತದೆ. ಇವತ್ತು ತಾರೀಕೆಷ್ಟು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದು ವೈದ್ಯರು ಕೇಳುವುದಕ್ಕೆ ಒಂದು ಗೊತ್ತುಗುರಿ ಇದೆ. ‘ಅರವತ್ತಕ್ಕೆ ಅರಳುಮರಳು’ ಎಂದು ಗಾದೆ ಹೇಳಿ ಎರಡು ಮೂರು ವರ್ಷ ಕಳೆಯುವ ಬದಲು ಆ ಪರೀಕ್ಷೆಗೆ ಬೇಗ ಹೋಗುವುದೇ ಒಳ್ಳೆಯದು. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಂಥ ಸರಿಪಡಿಸಬಹುದಾದ ಕಾರಣಗಳೂ ಮರೆವಿನ ವೇಷ ಹಾಕುತ್ತವೆ. ಹಾಲ್‌ನ ಸೋಫಾದ ಮೇಲೆ ನಡೆಯುವ ಪರೀಕ್ಷೆಯಿಂದ ಇಂಥದ್ದೇನೂ ಪತ್ತೆಯಾಗುವುದಿಲ್ಲ.

ಮಾಕೊತೊಳ ಮನೆಯಲ್ಲಿ ಆ ಪರೀಕ್ಷೆ ನಡೆಯುವುದಿಲ್ಲ. ಅವಳಲ್ಲಿ ಇನ್ನೂ ಏನು ಉಳಿದಿದೆಯೋ ಅದರೊಂದಿಗೆ ಇರುತ್ತಾರೆ. ಗೆಜ್ಜೆ ಕೊಟ್ಟರೆ ಆಡುತ್ತಾಳೆ, ಗೆಜ್ಜೆ ಕೊಡುತ್ತಾರೆ. ಎಲ್ಲರೂ ಒಟ್ಟಿಗೆ ಹೋಗಿ, ಪೇಟೆಯ ಯಂತ್ರದಲ್ಲಿ ಸಣ್ಣ ಸ್ಟಿಕ್ಕರ್ ಫೋಟೊ ತೆಗೆಸಿಕೊಳ್ಳುತ್ತಾರೆ. ಕೊನೆಗೆ ಯೂಯಿಚಿ ಗುಡ್ಡದ ಮೇಲೆ ಅವಳನ್ನು ಮದುವೆಯಾಗುವುದು, ಅವಳು ಎಂದೋ ಹೇಳಿ ಈಗ ಮರೆತಿರುವ ಆಸೆಯನ್ನು ಅವನು ನೆನಪಿಟ್ಟುಕೊಂಡದ್ದರಿಂದ. ನೆನಪು ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗಿದೆ. ಮೊದಲು ಅವಳು ನೆನಪಿಟ್ಟಿದ್ದಳು, ಅವನು ಮರೆತಿದ್ದ, ಈಗ ತಿರುವುಮುರುವು.

ಮನುಷ್ಯರ ಮನೆಗೆ ಬರುವ ನರಿಹೆಣ್ಣು ಜಪಾನಿಗೆ ಹೊಸಬಳಲ್ಲ. ಬೇಟೆಗಾರರಿಂದ ತನ್ನನ್ನು ಉಳಿಸಿದವನ ಹೆಂಡತಿಯಾಗಿ ಬಂದು, ಗುಟ್ಟು ರಟ್ಟಾದಾಗ ಮಗುವನ್ನು ಬಿಟ್ಟು ಕಾಡಿಗೆ ಹೋಗುವ ಕುಜುನೊಹ 1734ರಿಂದ ಅಲ್ಲಿನ ರಂಗದ ಮೇಲಿದ್ದಾಳೆ. ಇಲ್ಲಿಯೂ ಅವಳಿಗೆ ನಂಟರಿದ್ದಾರೆ. ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿಬರುವ ಅಭ್ಯಾಸವಿರುವವರಿಗೆ ಗಿರೀಶ ಕಾರ್ನಾಡರ ‘ನಾಗಮಂಡಲ’ ಹೇಳಿಕೊಡಬೇಕಿಲ್ಲ. ಅದರ ನಾಯಕಿ ರಾಣಿ ಹೆದರಿ ಹುತ್ತಕ್ಕೆ ಸುರಿದ ಮದ್ದಿನ ಸಾರು ಹಾವಿಗೆ ತಗುಲುತ್ತದೆ. ಅವಳು ಮಾಡಿದ್ದು ದಯೆಯೂ ಅಲ್ಲ, ಕೈತಪ್ಪು. ಅಷ್ಟಕ್ಕೇ ಹಾವು ಗಂಡನ ರೂಪದಲ್ಲಿ ಬಂದು, ಕೊನೆಗೆ ಪ್ರಾಣ ಬಿಡುತ್ತದೆ.

ಆದರೆ ಮಾಕೊತೊಗೆ ನಿಜವಾದ ಅಕ್ಕ ಎಂದರೆ ಎ.ಕೆ. ರಾಮಾನುಜನ್ ಕರ್ನಾಟಕದ ಹೆಂಗಸರ ಬಾಯಿಂದ ಕೇಳಿ ಸಂಗ್ರಹಿಸಿದ ಹೂವಿನ ಮರದ ಹುಡುಗಿ. ಒಂದು ಬಿಂದಿಗೆ ನೀರು ಹಾಕಿದರೆ ಮರವಾಗುತ್ತಾಳೆ, ಇನ್ನೊಂದು ಹಾಕಿದರೆ ಹುಡುಗಿ. ಷರತ್ತು ಇಷ್ಟು: ನೋಯಿಸದೆ ಹೂವು ಬಿಡಿಸಬೇಕು. ನಾದಿನಿ ಮತ್ತವಳ ಗೆಳತಿಯರು ಮೋಜಿಗೆಂದು ಅವಳನ್ನು ಮರ ಮಾಡಿ, ಕೊಂಬೆ ಮುರಿದು, ಅರೆಬರೆ ನೀರು ಚೆಲ್ಲಿ ಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಚರಂಡಿಗೆ ಬೀಳುತ್ತಾಳೆ. ಹತ್ತಿಯ ಗಾಡಿಯವನೊಬ್ಬ ನೋಡಿ, ಬಟ್ಟೆ ಹೊದಿಸಿ, ಊರಾಚೆಯ ಮಂಟಪದಲ್ಲಿ ಬಿಡುತ್ತಾನೆ. ಅಲೆಮಾರಿಯಾದ ಗಂಡ ಅವಳನ್ನು ಗುರುತಿಸುವುದು ಮುಖದಿಂದ, ಮಾತಿನಿಂದ ಅಲ್ಲ, ಮೋಟುಗೈಯ ಸ್ಪರ್ಶದಿಂದ. ಆಮೇಲೆ ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ನೀರು ಹಾಕುತ್ತಾನೆ.

ಈ ಕಥೆಯಿಂದ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರ ಮಾಡಿದರು. ಅಮೆರಿಕದ ಜಾನ್ ಆ್ಯಡಮ್ಸ್ ಇದನ್ನು ಒಪೆರಾ ಮಾಡಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ಆಡಿಸಿದ್ದು 2006ರ ನವೆಂಬರಿನಲ್ಲಿ. ಅದೇ ಹೊತ್ತಿಗೆ ಜಪಾನಿನಲ್ಲಿ ‘ಕನೋನ್’ ಪ್ರಸಾರವಾಗುತ್ತಿತ್ತು. ಕಾಕತಾಳೀಯ, ಅಷ್ಟೆ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ನಮ್ಮ ಹೆಂಗಸರ ಕಥೆಯೇ ಹೆಚ್ಚು ನಿಜ ಅನ್ನಿಸುತ್ತದೆ. ಮಾಕೊತೊ ಕ್ಷೀಣಿಸುವುದು ದೈವಾಧೀನ. ಗಡುವು ಮೊದಲೇ ಬರೆದಿದೆ, ಯಾರ ತಪ್ಪೂ ಇಲ್ಲ. ಅವಳು ಕರಗುತ್ತ ಹೋಗುವುದನ್ನು ನಾವು ಒಬ್ಬ ಹುಡುಗನ ಕಣ್ಣಿನಲ್ಲಿ, ಅವನ ದುಃಖವಾಗಿ ನೋಡುತ್ತೇವೆ. ಹೂವಿನ ಹುಡುಗಿ ಮುದ್ದೆಯಾಗುವುದು ಸುತ್ತಲಿನವರ ಒರಟುತನದಿಂದ, ಅವಸರದಿಂದ. ಚರಂಡಿಯೂ ಕಥೆಯಲ್ಲಿದೆ. ಕಾಯಿಲೆ ಎಷ್ಟು ಕಿತ್ತುಕೊಂಡಿತು, ನಾವು ಎಷ್ಟು ಮುರಿದೆವು ಎಂಬ ಎರಡು ಲೆಕ್ಕಗಳನ್ನು ಅದು ಬೆರೆಸುವುದಿಲ್ಲ.

ಅನಿಮೆ ಹೇಳದೆ ಬಿಟ್ಟದ್ದು ಇನ್ನೂ ಇದೆ. ಆಲ್ಜೈಮರ್ ಎರಡು ಕಂತಿನಲ್ಲಿ ಮುಗಿಯುವುದಿಲ್ಲ. ಎಂಟು ಹತ್ತು ವರ್ಷ ಎಳೆಯುವುದುಂಟು. ಮುಸುಕು ಗಾಳಿಗೆ ಹಾರುವ ಚೆಲುವು ಅಲ್ಲಿಲ್ಲ. ಒದ್ದೆಯಾದ ಹಾಸಿಗೆ, ರಾತ್ರಿ ಮೂರಕ್ಕೆ ಬಾಗಿಲ ಚಿಲಕ ಎಳೆಯುವ ಸದ್ದು, ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಈ ಕಡೆಗೆ ಸ್ವಲ್ಪ ಹತ್ತಿರ ಬಂತು. ಹೇಮಂತ್ ರಾವ್ ನಿರ್ದೇಶನದ ಆ ಚಿತ್ರದಲ್ಲಿ ಅನಂತನಾಗ್ ಮಾಡಿದ ವೆಂಕೋಬರಾವ್ ಇದೇ ಊರಿನ ಬೀದಿಯಲ್ಲಿ ಕಾಣೆಯಾಗುತ್ತಾರೆ. ಅಲ್ಲಿಯೂ ಮರೆವಿನವನಷ್ಟೇ ಮರೆತವನು ಮಗ. ಅಪ್ಪ ಯಾರೆಂದು ಅವನಿಗೆ ತಿಳಿಯುವುದು ಅಪ್ಪ ಕಳೆದುಹೋದ ಮೇಲೆ. ಕಾಣೆಯಾಗುವುದು ಸಿನಿಮಾದಲ್ಲಷ್ಟೇ ನಡೆಯುವುದಲ್ಲ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರೊಂದಿಗೆ 2002ರಲ್ಲಿ ಶುರುಮಾಡಿದ ಹಿರಿಯರ ಸಹಾಯವಾಣಿ 1090 ಇದೇ ಊರಿನದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಆಲ್ಜೈಮರ್‌ನಂಥ ಮರೆವಿನ ಕಾಯಿಲೆ, ಇದೆ.

ಮೊಮ್ಮಗ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಇಂಗ್ಲಿಷ್ ಸಬ್‌ಟೈಟಲ್ ಓದುತ್ತ ಮಾಕೊತೊಗಾಗಿ ಕಣ್ಣು ಒರೆಸಿಕೊಳ್ಳುವುದೂ, ಅಜ್ಜಿ ಹಾಲ್‌ನಲ್ಲಿ ಒಬ್ಬರೇ ಕೂತು ಸೆರಗಿನ ಅಂಚು ಮಡಿಸುತ್ತಿರುವುದೂ ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಯಬಹುದು. ಹುಡುಗನನ್ನು ಬೈಯುವ ಉದ್ದೇಶ ನನಗಿಲ್ಲ. ಈ ಅನಿಮೆಗೆ ಕನ್ನಡದ ದನಿ ಸಿಕ್ಕಿಲ್ಲ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂತಿಲ್ಲ. ಆದರೂ ಮಾತು ಬೇಕಿಲ್ಲದ ದೃಶ್ಯಗಳು ಎಷ್ಟೋ ಇವೆ, ಬೆಕ್ಕಿನ ಮರಿ ಹುಡುಗಿಯ ತಲೆ ಏರುವಂಥವು. ಅಂಥದ್ದನ್ನು ತೋರಿಸಿ ನಗಿಸಿದರೆ ಏನು ನೋಡಿದೆ ಎಂದು ಅಜ್ಜಿಗೆ ಆಮೇಲೆ ನೆನಪಿರುವುದಿಲ್ಲ. ನಕ್ಕದ್ದರ ಲಾಭ ರಾತ್ರಿ ಊಟದ ಹೊತ್ತಿಗೆ ಸೊಸೆಗೆ ತಿಳಿಯುತ್ತದೆ.

ಸೊಸೆಯ ಮಾತು ಬಂತು. ಹತ್ತನೆಯ ಕಂತಿನಲ್ಲಿ ನನಗೆ ಬಹಳ ಇಷ್ಟವಾದವಳು ಮಾಕೊತೊ ಅಲ್ಲ, ಯೂಯಿಚಿಯ ಶಾಲೆಯಲ್ಲೇ ಓದುವ ಮಿಶಿಯೊ ಎಂಬ ಹುಡುಗಿ. ನರಿಯ ವಿಷಯ ಯೂಯಿಚಿಗೆ ಹೇಳುವವಳು ಅವಳೇ. ಅವಳಿಗೆ ಗೊತ್ತಿರುವುದು ಹಿಂದೆ ತಾನೂ ಇಂಥ ಒಂದು ಜೀವವನ್ನು ಕಳೆದುಕೊಂಡದ್ದರಿಂದ. ಹಾಗಾಗಿ ಮೊದಮೊದಲು ಹತ್ತಿರ ಬರುವುದಿಲ್ಲ, ನನ್ನನ್ನು ಇದರೊಳಗೆ ಎಳೆಯಬೇಡ ಎಂಬ ಧೋರಣೆ. ದಾರ್ಷ್ಟ್ಯ ಅಂದುಕೊಳ್ಳುತ್ತೇವೆ, ಅದು ದಣಿವು. ವರ್ಷಗಟ್ಟಲೆ ಒಬ್ಬರನ್ನು ನೋಡಿಕೊಂಡವರ ಮುಖದಲ್ಲಿ ಇದೇ ದಣಿವು ಕಾಣುತ್ತದೆ, ಮತ್ತು ನಮ್ಮಲ್ಲಿ ಆ ಮುಖ ಬಹುಪಾಲು ಹೆಂಗಸರದು: ಹೆಂಡತಿ, ಮಗಳು, ಸೊಸೆ. ಯೂಯಿಚಿ ಶಾಲೆ ಬಿಟ್ಟು ಮಾಕೊತೊ ಜತೆ ಕೂರುತ್ತಾನೆ. ಬನಶಂಕರಿಯ ಮನೆಯಲ್ಲಿ ಕೆಲಸಕ್ಕೆ ರಜೆ ಹಾಕುವವಳು, ಆಮೇಲೆ ಕೆಲಸವನ್ನೇ ಬಿಡುವವಳು ಸೊಸೆ. ಮಗ ಆಸ್ಪತ್ರೆಯ ಫೈಲು ಹಿಡಿದು ತಿಂಗಳಿಗೊಮ್ಮೆ ಕಾರು ಓಡಿಸುತ್ತಾನೆ; ಅಮೆರಿಕದಲ್ಲಿರುವವನು ವಿಡಿಯೊ ಕರೆ ಮಾಡಿ ‘ಅಮ್ಮಾ, ನಾನ್ಯಾರು ಹೇಳು?’ ಎನ್ನುತ್ತಾನೆ.

ಸೊಸೆಗೆ ಯಾರಾದರೂ ಎರಡು ಗಂಟೆ ಬಿಡುವು ಕೊಟ್ಟರೆ ಅದು ಯಾವ ಸಹಾನುಭೂತಿಯ ಮಾತಿಗಿಂತಲೂ ದೊಡ್ಡದು. ಭಾನುವಾರ ಬರುವ ನೆಂಟರೇ ಕೊಡಬಹುದು. ಒಳಗೆ ಬಂದು, ‘ದೊಡ್ಡಮ್ಮಾ, ನಾನು ಇಂಥವನು, ನಿಮ್ಮ ತಂಗಿ ಮಗ’ ಎಂದು ತಾವೇ ಹೇಳಿ, ಪಕ್ಕದಲ್ಲಿ ಕೂತು, ಅವರೆಕಾಯಿ ಬುಟ್ಟಿ ನಡುವೆ ಇಟ್ಟುಕೊಂಡು ಇಬ್ಬರೂ ಸುಲಿಯುವುದು. ಹೆಸರು ಮರೆತ ಕೈಗೆ ಸುಲಿಯುವುದು ಎಷ್ಟೋ ಕಾಲ ಮರೆತಿರುವುದಿಲ್ಲ. ‘ನೀನು ಹೋಗಿ ಬಾರಮ್ಮ, ನಾನಿರ್ತೀನಿ’ ಎಂದರೆ ಸೊಸೆ ನಾಲ್ಕನೇ ಬ್ಲಾಕಿಗೆ ಹೋಗಿ ತನಗೆ ಬೇಕಾದ್ದು ತಂದುಕೊಂಡಾಳು, ಇಲ್ಲವೇ ರೂಮಿನ ಬಾಗಿಲು ಹಾಕಿಕೊಂಡು ಮಲಗಿಯಾಳು. ಬೇಗ, ನಾಲ್ಕು ಗಂಟೆಗೇ ಬಂದರೆ ಇನ್ನೂ ಅನುಕೂಲ. ಕತ್ತಲಾಗುವ ಹೊತ್ತಿಗೆ ಇಂಥವರಲ್ಲಿ ಅನೇಕರಿಗೆ ತಳಮಳ ಏರುತ್ತದೆ, ‘ನಮ್ಮನೆಗೆ ಹೋಗ್ಬೇಕು’ ಎಂದು ಬ್ಯಾಗು ಹಿಡಿದು ಏಳುತ್ತಾರೆ. ಆಗ ಅವರಿಗೆ ರೂಢಿಯಾದ ಕೈ ಹತ್ತಿರ ಇರಬೇಕು.